ಕಾಳಿ ದಾಟಲು ಎರಡು ದಾರಿ

ಆ ವರ್ಷ ಮಳೆ ಹಿಡಿದ ಮೇಲೆ ಸದಾಶಿವಗಡದ ಅಕ್ಕನ ಫೋನು ಬರದ ಬೆಳಗು ಕಡಿಮೆ. ಅಗಸೂರಿನಿಂದ ಹೊರಟು, ಅಂಕೋಲೆಯಲ್ಲಿ ಬಸ್ಸು ಬದಲಿಸಿ, ಅಂತೂ ಕೂರಲು ಜಾಗ ಸಿಕ್ಕಿತು ಎಂದು ಸಮಾಧಾನಪಡುವಷ್ಟರಲ್ಲಿ ಕಿಸೆಯಲ್ಲಿ ಫೋನು ನಡುಗತೊಡಗುತ್ತಿತ್ತು.

“ತಮ್ಮಾ, ಹೋತು.”

“ಎಂತದು ಹೋತು ಅಕ್ಕಾ?”

“ಮತ್ತೆಂತದು? ಕಾರವಾರ!”

ಪಕ್ಕದವರಿಗೂ ಕೇಳಿಸುವಷ್ಟು ಗಟ್ಟಿ ದನಿ ಅವರದು. ಒಮ್ಮೆ ಹಿಂದಿನ ಸೀಟಿನ ಹಿರಿಯರೊಬ್ಬರು ಗಾಬರಿಯಾಗಿ, “ಕಾರವಾರಕ್ಕೆ ಎಂತಾತು?” ಎಂದು ಎದ್ದೇ ನಿಂತರು. “ಎಂತದೂ ಆಗಲಿಲ್ಲ, ಅಲ್ಲೇ ಅದೆ” ಎಂದು ನಾನು ಅವರನ್ನು ಕೂರಿಸಬೇಕಾಯಿತು.

ನಾನಾಗ ಕಾರವಾರದ ಒಂದು ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕಂಪ್ಯೂಟರು, ಪ್ರಿಂಟರು, ಅವುಗಳ ವಾಯರುಗಳನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದೆ. ಲ್ಯಾಬು ಒಬ್ಬ ಡಾಕ್ಟರಮ್ಮನದು. ಕಾಳಿ ನದಿಯ ಆಚೆ ದಡದಲ್ಲಿ, ಸದಾಶಿವಗಡದಲ್ಲಿ, ಅವರದೇ ಒಂದು ಚಿಕ್ಕ ಶಾಖೆ ಇತ್ತು. ಅಲ್ಲಿ ರಕ್ತ ತೆಗೆದುಕೊಂಡು, ಮಂಜುಗಡ್ಡೆಯ ಪೆಟ್ಟಿಗೆಯಲ್ಲಿಟ್ಟು ಸೇತುವೆ ದಾಟಿಸಿ ಕಾರವಾರಕ್ಕೆ ಕಳಿಸುತ್ತಿದ್ದರು. ಪರೀಕ್ಷೆ ಮುಗಿದ ಮೇಲೆ ವರದಿ ಮಾತ್ರ ಕಂಪ್ಯೂಟರಿನಲ್ಲೇ ಆಚೆ ದಡಕ್ಕೆ ಹೋಗಿ ಅಲ್ಲಿನ ಪ್ರಿಂಟರಿನಲ್ಲಿ ಹೊರಬೀಳುತ್ತಿತ್ತು. ಆ ಶಾಖೆಯ ಟೇಬಲ್ಲಿನ ಹಿಂದೆ ಕೂತು ಹೆಸರು ಬರೆದುಕೊಳ್ಳುವವರು, ವರದಿ ಕೊಡುವವರು, ಸಕ್ಕರೆ ಜಾಸ್ತಿ ಬಂದವರನ್ನು ಬೈಯುವವರು ಎಲ್ಲ ಇವರೊಬ್ಬರೇ. ಲ್ಯಾಬಿನವರೆಲ್ಲ ಇವರನ್ನು ಅಕ್ಕ ಎಂದೇ ಕರೆಯುತ್ತಿದ್ದರು.

ಎರಡೂ ಕಟ್ಟಡಗಳ ತಾರಸಿಯ ಮೇಲೆ ಊಟದ ತಟ್ಟೆಯಷ್ಟು ದೊಡ್ಡ ರೇಡಿಯೋ ಡಿಶ್ಶುಗಳು ನದಿಗೆ ಅಡ್ಡಲಾಗಿ ಒಂದಕ್ಕೊಂದು ಮುಖ ಮಾಡಿ ನಿಂತಿದ್ದವು. ಅವುಗಳ ದೆಸೆಯಿಂದ ಸದಾಶಿವಗಡದ ಕಂಪ್ಯೂಟರು ಕಾರವಾರದ ಪಕ್ಕದ ಕೋಣೆಯಲ್ಲೇ ಇದ್ದ ಹಾಗೆ. ಎರಡು ದಡ, ಒಂದೇ ನೆಟ್‌ವರ್ಕು. ಬೇಸಿಗೆಯಲ್ಲಿ ಒಂದು ದಿನವೂ ತಕರಾರಿಲ್ಲ. ಮಳೆ ಜೋರಾಗಿ ಸುರಿದು ಆಚೆ ದಡ ಕಾಣದಂತಾದರೆ ಮಾತ್ರ ಡಿಶ್ಶಿಗೂ ಕಾಣುತ್ತಿರಲಿಲ್ಲ. ಆಗ ಅಕ್ಕನಿಗೆ ಕಾರವಾರ ಹೋಗುತ್ತಿತ್ತು.

ಅಕ್ಕ ಏನನ್ನಾದರೂ ಸಹಿಸುತ್ತಿದ್ದರು, “ನಾಳೆ ಬನ್ನಿ” ಎಂದು ಹೇಳುವುದನ್ನು ಮಾತ್ರ ಅಲ್ಲ. ಬರುವವರೆಲ್ಲ ಅವರಿಗೆ ಗೊತ್ತಿದ್ದವರೇ. ದೋಣಿಯವರು, ಗದ್ದೆಯವರು, ರಸ್ತೆ ಬದಿಯ ಅಂಗಡಿಯವರು. ಕೆಲಸ ಬಿಟ್ಟು ಬಂದವರನ್ನು ಬರಿಗೈಯಲ್ಲಿ ಕಳಿಸಿದ ದಿನ ಅವರು ಮಧ್ಯಾಹ್ನದ ಡಬ್ಬಿಯನ್ನೂ ಸರಿಯಾಗಿ ತೆರೆಯುತ್ತಿರಲಿಲ್ಲ. ಅವರ ಡಬ್ಬಿಯ ಬಂಗಡೆ ಗೊಜ್ಜಿನಲ್ಲಿ ನನಗೂ ಒಂದು ಪಾಲು ಇರುತ್ತಿದ್ದುದರಿಂದ, ಕಾಳಿಯ ಮೇಲೆ ಇನ್ನೊಂದು ದಾರಿ ಮಾಡಲೇಬೇಕೆಂದು ನಾನು ನಿಶ್ಚಯಿಸಿದೆ.

ಆ ದಾರಿ ಕೇಬಲ್ ಬಾಯಿಯ ಹತ್ತಿರ ಇತ್ತು. ಬಾಯಿ ಎಂದರೆ ಊರಿನ ಟೀವಿಗಳಿಗೆ ಕೇಬಲ್ಲು ಕೊಡುವ ಹೆಂಗಸು. ಅಣ್ಣನೂ ತಂಗಿಯೂ ಸೇರಿ ನಡೆಸುವ ವ್ಯವಹಾರ. ಅಣ್ಣ ಕಂಬ ಹತ್ತುತ್ತಿದ್ದ, ಬಾಯಿ ಸ್ಕೂಟರಿನ ಮೇಲೆ ಕೇಬಲ್ಲಿನ ಸುರುಳಿ ಹೇರಿಕೊಂಡು ಊರೆಲ್ಲ ಓಡಾಡುತ್ತಿದ್ದರು. ಅವರ ಗಾಜಿನೆಳೆಯ ಕೇಬಲ್ಲು ಆಗಲೇ ನದಿ ದಾಟಿತ್ತು. ಅದರಲ್ಲಿ ಖಾಲಿ ಇದ್ದ ಎಳೆಯೊಂದನ್ನು ನಮಗೆ ಕೊಡಲು ಅವರು ಒಪ್ಪಿದರು.

“ಮಳೆ ಬಂದ್ರೆ ಎಂತದೂ ಆಗೂದಿಲ್ವಲ್ಲ ಬಾಯಿ?” ಎಂದು ಕೇಳಿದೆ.

“ಮಳೆಗೆ ಆಗೂದಿಲ್ಲ. ಜೇಸೀಬಿಗೆ ಮಾತ್ರ ನಾ ಜವಾಬ್ದಾರಿ ಅಲ್ಲ” ಎಂದರು ಬಾಯಿ.

ಎಳೆ ಬಂತು. ಈಗ ನನ್ನ ಯೋಜನೆ ಹೀಗಿತ್ತು: ಕಾರವಾರದ ತುದಿಯಲ್ಲಿ ಎರಡೂ ದಾರಿಯ ವಾಯರು ಸ್ವಿಚ್ಚಿಗೆ ಸಿಕ್ಕಿಸಿಯೇ ಇರಲಿ. ಸದಾಶಿವಗಡದ ತುದಿಯಲ್ಲಿ ಮಾತ್ರ ಒಂದು ಸಲಕ್ಕೆ ಒಂದೇ. ನಮ್ಮ ಕಸುಬಿನಲ್ಲಿ ಸ್ವಿಚ್ಚು ಎಂದರೆ ಗೋಡೆಯ ಮೇಲಿನ ದೀಪದ ಗುಂಡಿಯಲ್ಲ, ಎಲ್ಲ ಕಂಪ್ಯೂಟರುಗಳ ವಾಯರು ಬಂದು ಸೇರುವ ಚಪ್ಪಟೆ ಪೆಟ್ಟಿಗೆ. ಅಕ್ಕ ಅದನ್ನು ಪೆಟ್ಗೆ ಎಂದೇ ಕರೆಯುತ್ತಿದ್ದರು. ರೇಡಿಯೋದ ವಾಯರಿಗೆ ಕೆಂಪು ಟೇಪು, ಕೇಬಲ್ಲಿನದಕ್ಕೆ ಹಸಿರು ಟೇಪು ಸುತ್ತಿ ಅವರಿಗೆ ತೋರಿಸಿದೆ.

“ಬಿಸಿಲಿದ್ರೆ ಕೆಂಪು. ಮಳೆ ಜೋರಾದ್ರೆ ಕೆಂಪು ತೆಗೆದು ಹಸಿರು. ಎರಡೂ ಒಟ್ಟಿಗೆ ಬ್ಯಾಡ.”

“ಎಂತಕೆ ಬ್ಯಾಡ?”

ನಾನು ಹೇಳಲು ಹೊರಟೆ. ಅಷ್ಟರಲ್ಲಿ ಸೂಜಿ ಎಂದರೆ ಹೆದರುವ ಒಬ್ಬ ದೊಡ್ಡ ಮೀಸೆಯ ದೋಣಿಯವನು ಬಂದ. ಅವನ ಕೈ ಹಿಡಿದುಕೊಳ್ಳಲು ಅಕ್ಕ ಎದ್ದು ಹೋದರು. ವಿವರಣೆ ಅಲ್ಲಿಗೇ ನಿಂತಿತು.

ಆಮೇಲೆ ಬಂದದ್ದು ಒಂದು ಸೋಮವಾರ. ಸೋಮವಾರವೆಂದರೆ ಕಾರವಾರದ ಲ್ಯಾಬಿನಲ್ಲಿ ಸಕ್ಕರೆ ಪರೀಕ್ಷೆಯವರ ಸಾಲು. ಎಲ್ಲರೂ ಹಿಂದಿನ ರಾತ್ರಿಯಿಂದ ಉಪವಾಸ. ಚಹಾ ಸಹ ಕುಡಿಯದ ಅಷ್ಟು ಜನ ಒಂದೇ ಕಡೆ ಕೂತರೆ ಆ ಕೋಣೆಯ ಹವಾ ಹೇಗಿರುತ್ತದೆ ಎನ್ನುವುದು ಅನುಭವಿಸಿದವರಿಗೇ ಗೊತ್ತು. ಮಳೆ ಸಣ್ಣಗೆ ಹನಿಯುತ್ತಿತ್ತು. ನಾನು ಛತ್ರಿ ಮಡಚಿಟ್ಟು ಒಳಗೆ ಕಾಲಿಡುವುದಕ್ಕೂ, ಟೇಬಲ್ಲಿನ ಹುಡುಗಿಯರು “ಸರ್, ನಿಂತೋಯ್ತು” ಎಂದು ಒಟ್ಟಿಗೆ ಕೂಗುವುದಕ್ಕೂ ಸರಿಯಾಯಿತು.

ನಿಂತದ್ದು ಸದಾಶಿವಗಡ ಮಾತ್ರವಲ್ಲ, ಕಾರವಾರವೂ ಕೂಡ. ಹೆಸರು ಬರೆದರೆ ಉಳಿಯದು, ಚೀಟಿ ಬಾರದು, ಒಳಗಿನ ಯಂತ್ರ ಕೊಟ್ಟ ಫಲಿತಾಂಶ ಎಲ್ಲಿಗೂ ಹೋಗದು. ಡಾಕ್ಟರಮ್ಮ ಕೈಗವಸು ಹಾಕಿಕೊಂಡೇ ಹೊರಗೆ ಬಂದರು. ಮನೆಯಲ್ಲಿ ಕೊಂಕಣಿ ಮಾತಾಡುವವರು, ಗಡಿಬಿಡಿಯಾದರೆ ಇಲ್ಲೂ ಅದೇ ಬಾಯಿಗೆ ಬರುತ್ತಿತ್ತು.

“ಕಿತೆಂ ಜಾಲೆಂ ರೇ? ಎಂತಾತು?”

“ನೋಡ್ತೆ ಮೇಡಂ.”

“ಬೇಗ ನೋಡು. ಹೊರಗೆ ಕೂತವ್ರು ಇನ್ನು ಸ್ವಲ್ಪ ಹೊತ್ತಿಗೆ ನನ್ನೇ ತಿಂತ್ರು.”

ಎಲ್ಲ ವರದಿ ಇಟ್ಟುಕೊಳ್ಳುವ ಸರ್ವರ್ ಕಂಪ್ಯೂಟರನ್ನು ಆರಿಸಿ ಮತ್ತೆ ಹೊತ್ತಿಸಿದೆ. ಪ್ರಯೋಜನವಿಲ್ಲ. ಆಮೇಲೆ ಗೋಡೆಯ ಮೂಲೆಯ ಸ್ವಿಚ್ಚಿನ ಕಡೆ ನೋಡಿದೆ. ಅದರ ಮೇಲಿನ ಹಸಿರು ದೀಪಗಳು ಮಾಮೂಲಿನಂತೆ ಒಂದು ಇಲ್ಲಿ ಒಂದು ಅಲ್ಲಿ ಮಿನುಗುವ ಬದಲು, ಎಲ್ಲವೂ ಒಟ್ಟಿಗೆ, ಕಣ್ಣು ಕೋರೈಸುವ ವೇಗದಲ್ಲಿ ಹಾರುತ್ತಿದ್ದವು. ಯಾರೂ ಕೆಲಸ ಮಾಡದ ಕಂಪ್ಯೂಟರುಗಳ ವಾಯರುಗಳಲ್ಲೂ ಅದೇ ಗದ್ದಲ. ಒಂದೊಂದೇ ವಾಯರು ಕಿತ್ತು ನೋಡುತ್ತ ಹೋದೆ. ತಾರಸಿಯ ರೇಡಿಯೋದ ವಾಯರು ಕಿತ್ತ ಕ್ಷಣ ದೀಪಗಳೆಲ್ಲ ತಣ್ಣಗಾದವು. ಹೊರಗಿನಿಂದ “ಬಂತು, ಬಂತು” ಎಂಬ ಕೂಗು ಕೇಳಿತು. ಮೊದಲ ಚೀಟಿ ಹೊರಬಂದಾಗ ಸಾಲಿನಲ್ಲಿದ್ದ ಯಾರೋ ಚಪ್ಪಾಳೆ ತಟ್ಟಿದರು.

ರೇಡಿಯೋ ಕೆಟ್ಟಿದೆ ಎಂದು ತೀರ್ಮಾನಿಸಿ ಅಕ್ಕನಿಗೆ ಫೋನು ಮಾಡಿದೆ.

“ಅಕ್ಕಾ, ಕೆಂಪು ವಾಯರ್ ತೆಗ್ದು ಹಸಿರು ಹಾಕಿ.”

“ಹಸಿರು ಹಾಕೇ ಅದೆಯಲ್ಲ.”

“ಹೌದಾ? ಹಂಗಾರೆ ಕೆಂಪು?”

“ಅದೂ ಅದೆ. ಎರಡೂ ಅದೆ.” ಅವರ ದನಿಯಲ್ಲಿ ಒಂದಿಷ್ಟೂ ಅಳುಕಿರಲಿಲ್ಲ. “ಗಂಟೆಗೊಂದ್ಸಲ ಮಳೆ ಬತ್ತದೆ, ಗಂಟೆಗೊಂದ್ಸಲ ಹೋಗ್ತದೆ. ಪ್ರತಿ ಸಲಾನೂ ನಾ ಟೇಬಲ್ ಕೆಳಗೆ ಬಗ್ಗಿ ತೆಗೆದು ಹಾಕ್ತಾ ಕೂತ್ರೆ ರಕ್ತ ಯಾರು ತೆಗೆಯೂದು? ಎರಡು ದಾರಿ ಇದ್ದ ಮೇಲೆ ಎರಡೂ ಇರ್ಲಿ ಅಂತ ಹಾಕ್ದೆ.”

ಅವರು ಹೇಳಿದ್ದರಲ್ಲಿ ತಪ್ಪು ಹುಡುಕಿದರೆ ಸಿಗುವಂತಿರಲಿಲ್ಲ. ಮಳೆ ಬಂದಾಗಲೆಲ್ಲ ಒಬ್ಬರು ಮೇಜಿನಡಿ ನುಸುಳಬೇಕು ಎನ್ನುವ ಏರ್ಪಾಡು ಕಾಗದದ ಮೇಲೆ ಚೆಂದ, ಸೊಂಟ ನೋಯುವವರಿಗೆ ಅಲ್ಲ.

ಮಧ್ಯಾಹ್ನ ಮಂಜುಗಡ್ಡೆಯ ಪೆಟ್ಟಿಗೆ ತರುವ ಗಾಡಿಯಲ್ಲೇ ಸೇತುವೆ ದಾಟಿ ಸದಾಶಿವಗಡಕ್ಕೆ ಹೋದೆ. ಅಕ್ಕ ಡಬ್ಬಿ ಬಿಚ್ಚಿ ಕಾಯುತ್ತಿದ್ದರು. ಊಟ ಮಾಡುತ್ತಲೇ ನಿಂತುಹೋಗಿದ್ದ ವಿವರಣೆಯನ್ನು ಮುಂದುವರಿಸಿದೆ.

“ನಿಮ್ಮ ಕಂಪ್ಯೂಟರು ‘ಪ್ರಿಂಟರ್ ಎಲ್ಲದೆ?’ ಅಂತ ಕೇಳ್ತದೆ ಅಂದ್ಕೊಳ್ಳಿ. ಈ ಪೆಟ್ಗೆಗೆ ಗೊತ್ತಿಲ್ಲ. ಅದು ಎಲ್ಲಾ ವಾಯರಿಗೂ ಅದನ್ನೇ ಕೂಗಿ ಹೇಳ್ತದೆ. ಹಸಿರು ವಾಯರಿನ ಮೇಲೆ ಆ ಕೂಗು ಕಾರವಾರಕ್ಕೆ ಹೋತು. ಅಲ್ಲಿನ ಪೆಟ್ಗೆಗೂ ಗೊತ್ತಿಲ್ಲ, ಅದೂ ಎಲ್ಲಾ ಕಡೆ ಕೂಗ್ತದೆ. ಕೆಂಪು ವಾಯರಿನ ಮೇಲೂ.”

“ಕೆಂಪಿನ ಮೇಲೆ ಬಂದದ್ದು ವಾಪಸ್ ನಂಗೇ ಬಂತು.”

“ಬಂತು. ನಿಮ್ಮ ಪೆಟ್ಗೆ ಅದನ್ನ ಹೊಸ ಕೂಗು ಅಂದ್ಕೊಂಡು ಮತ್ತೆ ಕಳಿಸ್ತದೆ. ಆ ಕಡೆಯಿಂದ ಈ ಕಡೆ, ಈ ಕಡೆಯಿಂದ ಆ ಕಡೆ. ಕಣ್ಣು ಮುಚ್ಚಿ ತೆಗೆಯೂದ್ರೊಳಗೆ ಸಾವಿರ ಸುತ್ತು. ಮತ್ತೆ ಬೇರೆ ಮಾತಿಗೆ ಜಾಗಾನೇ ಇಲ್ಲ.”

ಅಕ್ಕ ತುತ್ತು ಕೈಯಲ್ಲೇ ಹಿಡಿದು ಯೋಚಿಸಿದರು. “ಇದನ್ನ ಆಗ್ಲೇ ಕಳ್ಸಿದ್ದೆ ಅಂತ ಅದಕ್ಕೆ ಗೊತ್ತಾಗೂದಿಲ್ವಾ?”

“ಇಲ್ಲ. ಸಸ್ತಾದ ಪೆಟ್ಗೆ.”

“ಹಂಗಾರೆ ಗೊತ್ತಾಗೂವಂಥ ಪೆಟ್ಗೆ ತಕ್ಕಂಡು ಬಾ. ನಾ ಮಾತ್ರ ಇನ್ನು ಟೇಬಲ್ ಕೆಳಗೆ ಬಗ್ಗೂದಿಲ್ಲ.”

ಅಂಥ ಪೆಟ್ಟಿಗೆಗಳು ಇರುತ್ತವೆ. ಎರಡು ಕಡೆಗೂ ಒಂದೊಂದು ತರಿಸಲು ಡಾಕ್ಟರಮ್ಮನನ್ನು ಒಪ್ಪಿಸಬೇಕಿತ್ತು. ಅವರು ಗಮನವಿಟ್ಟು ಕೇಳಿಸಿಕೊಂಡರು. ಈ ಸ್ವಿಚ್ಚುಗಳು ತಮ್ಮತಮ್ಮಲ್ಲೇ ಪದೇ ಪದೇ ಸಣ್ಣ ಸಂದೇಶ ಕಳಿಸಿಕೊಳ್ಳುತ್ತವೆ, ತಮ್ಮಲ್ಲೊಂದನ್ನು ಮುಖ್ಯ ಎಂದು ಒಪ್ಪಿಕೊಳ್ಳುತ್ತವೆ, ಅಲ್ಲಿಗೆ ಹೋಗಲು ಒಂದೇ ದಾರಿ ತೆರೆದಿಟ್ಟು ಇನ್ನೊಂದನ್ನು ತಡೆಯುತ್ತವೆ, ತೆರೆದ ದಾರಿಯಲ್ಲಿ ಸಂದೇಶ ಬರುವುದು ನಿಂತರೆ ತಾವೇ ತಡೆ ತೆಗೆಯುತ್ತವೆ, ಇದಕ್ಕೆ ಸ್ಪ್ಯಾನಿಂಗ್ ಟ್ರೀ ಎನ್ನುತ್ತಾರೆ ಎಂದೆಲ್ಲ ಹೇಳಿದೆ.

“ಅಂದ್ರೆ ಎರಡು ದಾರಿ ಮಾಡಿ, ಒಂದನ್ನ ಮುಚ್ಚೂಕೆ ಮತ್ತೆ ಬೇರೆ ಸಾಮಾನು ತರೂದು?”

“ಹೌದು ಮೇಡಂ.”

“ನಿಂಗೆ ಬಾಯ್ಬಿಟ್ಟು ಹೇಳೂಕೆ ಧೈರ್ಯ ಅದೆ ಅಂತಾತು” ಎಂದು ನಕ್ಕು ಒಪ್ಪಿದರು. ಸೋಮವಾರದ ಸಾಲು ಅವರ ಕಣ್ಣ ಮುಂದೆ ಇನ್ನೂ ಇತ್ತು.

ಹೊಸ ಸ್ವಿಚ್ಚುಗಳು ಬಂದ ದಿನ ಕಾರವಾರದಲ್ಲಿ ಒಂದನ್ನು ಕೂರಿಸಿ, ಇನ್ನೊಂದನ್ನು ತೊಡೆಯ ಮೇಲಿಟ್ಟುಕೊಂಡು ಸದಾಶಿವಗಡಕ್ಕೆ ಹೋದೆ. ಜೋಡಿಸಿ ನೋಡಿದರೆ, ಅವೆರಡೂ ತಮ್ಮೊಳಗೆ ಮಾತಾಡಿಕೊಂಡು ಸದಾಶಿವಗಡದ್ದನ್ನೇ ಮುಖ್ಯ ಮಾಡಿಕೊಂಡಿದ್ದವು. ಅಷ್ಟೇ ಅಲ್ಲ, ಬಾಯಿಯ ಗಟ್ಟಿ ಕೇಬಲ್ಲನ್ನು ತಡೆದು, ಮಳೆಗೆ ಹೆದರುವ ರೇಡಿಯೋವನ್ನು ತೆರೆದಿಟ್ಟಿದ್ದವು. ಅವುಗಳ ಲೆಕ್ಕಕ್ಕೆ ಎರಡೂ ದಾರಿ ಒಂದೇ, ಮಳೆಯ ವಿಚಾರ ಅವುಗಳಿಗೆ ಯಾರು ಹೇಳಬೇಕು? ಸರ್ವರ್ ಇರುವ ಕಾರವಾರದ್ದೇ ಮುಖ್ಯ, ಕೇಬಲ್ಲೇ ಮೊದಲ ದಾರಿ, ರೇಡಿಯೋ ಎರಡನೆಯದು ಎಂದು ನಾನೇ ಕೂತು ತಿದ್ದಿದೆ.

ಕೆಂಪು ಟೇಪಿನ ವಾಯರು ಸಿಕ್ಕಿಸಿದ ಕಡೆ ಹಸಿರು ದೀಪದ ಬದಲು ಕಿತ್ತಳೆ ಬಣ್ಣದ್ದು ಹೊತ್ತಿತು. ಅಕ್ಕನಿಗೆ ಅದು ಸರಿ ಕಾಣಲಿಲ್ಲ.

“ಇದೆಂತಕೆ ಸುಮ್ನೆ ಕೂತದೆ?”

“ಅದರ ಕೆಲ್ಸವೇ ಸುಮ್ನೆ ಕೂರೂದು ಅಕ್ಕಾ. ಹಸಿರು ಬಿದ್ರೆ ಏಳ್ತದೆ.”

“ಏಳ್ತದೆ ಅಂತ ನಿಂಗೆ ಹ್ಯಾಂಗೆ ಗೊತ್ತು?”

ನೋಡಿಯೇ ಬಿಡೋಣ ಎಂದೆ. ಬಂದಿದ್ದವರಿಗೆಲ್ಲ ವರದಿ ಕೊಟ್ಟಾಗಿತ್ತು. ಕಂಪ್ಯೂಟರಿನಲ್ಲಿ ಕಾರವಾರದ ಪಟ್ಟಿ ತೆರೆದಿಟ್ಟು, ಹಸಿರು ವಾಯರನ್ನು ಕಿತ್ತೆ. ಪರದೆ ಹಾಗೇ ನಿಂತುಬಿಟ್ಟಿತು. ಅಕ್ಕ ನನ್ನನ್ನು ನೋಡಿದರು. ನಾನು ಕಿತ್ತಳೆ ದೀಪವನ್ನು ನೋಡಿದೆ. ಪುಸ್ತಕದಲ್ಲಿ ಓದಿ ಗೊತ್ತಿದ್ದರೂ ಆ ಅರ್ಧ ನಿಮಿಷ ಬಹಳ ಉದ್ದವಾಗಿತ್ತು. “ಹೋತು, ಕಾರವಾರ ಹೋತು” ಎಂದು ಅಕ್ಕ ಎನ್ನುವಷ್ಟರಲ್ಲಿ ಕಿತ್ತಳೆ ಹಸಿರಾಯಿತು, ಪರದೆಯ ಮೇಲಿನ ಪಟ್ಟಿ ಮತ್ತೆ ಸರಿದಾಡಿತು.

“ಅಯ್ಯೋ ದೇವ್ರೆ! ಎದ್ತು!” ಎಂದು ಅಕ್ಕ ಕೈ ತಟ್ಟಿ, “ಇನ್ನೊಂದ್ಸಲ ಮಾಡು” ಎಂದರು. ಮಾಡಿದೆ. ಆಮೇಲೆ ತಾವೇ ಒಂದು ಸಲ ಕಿತ್ತರು. ಬಗ್ಗುವುದಿಲ್ಲ ಎಂದಿದ್ದವರು ಮೇಜಿನಡಿ ಕೂತು, ದೀಪದ ಬಣ್ಣ ಬದಲಾಗುವುದನ್ನು ಮಗು ಪಟಾಕಿ ನೋಡುವ ಹಾಗೆ ನೋಡಿದರು.

ಆ ಮಳೆಗಾಲದ ಉಳಿದ ಭಾಗ ಬಸ್ಸಿನಲ್ಲಿ ನಿದ್ದೆ ಮಾಡುತ್ತ ಕಳೆದೆ. ಫೋನು ಬರಲಿಲ್ಲ.

ಬಂದದ್ದು ದೀಪಾವಳಿ ಕಳೆದ ಮೇಲೆ. ಆಕಾಶ ನೀಲಿ, ಒಂದು ಹನಿ ಮಳೆಯಿಲ್ಲ. “ಕಾರವಾರ ಹೋತು” ಎಂದರು ಅಕ್ಕ. ಜೊತೆಗೆ ತಗ್ಗಿದ ದನಿಯಲ್ಲಿ, “ಡಾಕ್ಟ್ರು ಇಲ್ಲೇ ಇದ್ರು” ಎಂದರು.

ಎರಡೂ ದಾರಿ ಒಂದೇ ಸಲ ಹೇಗೆ ಬಿದ್ದವು ಎಂದು ತಲೆ ಕೆರೆದುಕೊಳ್ಳುತ್ತ ಹೋದೆ. ಅಲ್ಲಿ ನೋಡಿದರೆ ಅಕ್ಕನೂ ಡಾಕ್ಟರಮ್ಮನೂ ಹಾಲಿಲ್ಲದ ಚಹಾಕ್ಕಾಗಿ ಕಾದು, ಅದೂ ಸಿಗದೆ, ಪೆಚ್ಚಾಗಿ ಕೂತಿದ್ದರು. ಶಾಖೆ ನೋಡಲು ಬಂದಿದ್ದ ಡಾಕ್ಟರಮ್ಮ ತಾವು ತಂದಿದ್ದ ನೀರು ಕಾಸುವ ಕೆಟಲನ್ನು ಮೇಜಿನಡಿಯ ಪ್ಲಗ್ಗಿನ ಪಟ್ಟಿಗೆ ಸಿಕ್ಕಿಸಿದ್ದರು. ಟಪ್ ಎಂದು ಆ ಪಟ್ಟಿಯೇ ಸತ್ತಿತ್ತು. ರೇಡಿಯೋದ ಪವರು, ಗಾಜಿನೆಳೆಯ ಬೆಳಕನ್ನು ವಾಯರಿಗೆ ಇಳಿಸುವ ಡಬ್ಬಿಯ ಪವರು, ಸ್ವಿಚ್ಚಿನ ಪವರು, ಎಲ್ಲವನ್ನೂ ನಾನು ಅದೇ ಒಂದು ಪಟ್ಟಿಗೆ ಅಚ್ಚುಕಟ್ಟಾಗಿ ಸಾಲಾಗಿ ಹಾಕಿದ್ದೆ.

“ಎರಡು ದಾರಿ ಅಂದ್ಯಲ್ಲೋ” ಎಂದರು ಡಾಕ್ಟರಮ್ಮ.

“ದಾರಿ ಎರಡೇ ಮೇಡಂ. ಕರೆಂಟು ಒಂದಾತು.”

“ಅದಕ್ಕೂ ಎರಡು ಮಾಡು ಹಂಗಾರೆ. ಮತ್ತೆ ಚಹಾಕ್ಕೆ ಮೂರನೇದು.”

ಅಂದೇ ಗೋಡೆಯ ಬೇರೆ ಬೇರೆ ಕಡೆಯಿಂದ ಬೇರೆ ಬೇರೆ ಪಟ್ಟಿ ಎಳೆಸಿ, ರೇಡಿಯೋಗೊಂದು, ಕೇಬಲ್ಲಿಗೊಂದು, ಸ್ವಿಚ್ಚಿಗೊಂದು ಬ್ಯಾಟರಿಯ ಆಸರೆ ಕೊಟ್ಟೆ. ಸ್ವಿಚ್ಚು ಕೆಟ್ಟರೆ ಏನು ಗತಿ ಎಂದು ಯೋಚಿಸಿ, ಅದೇ ರೀತಿ ತಿದ್ದಿದ ಇನ್ನೊಂದನ್ನು ಕಪಾಟಿನಲ್ಲಿಟ್ಟೆ. ಕೆಟಲಿಗೆ ಮೂಲೆಯಲ್ಲಿ ಪ್ರತ್ಯೇಕ ಜಾಗವಾಯಿತು. ಮೊದಲ ಲೋಟ ಚಹಾ ನನಗೇ ಸಿಕ್ಕಿತು.

ಮುಂದಿನ ಬೇಸಿಗೆ ಬಂತು. ಒಂದು ದಿನ ನಾನು ಸದಾಶಿವಗಡದಲ್ಲೇ ಇದ್ದೆ, ಪ್ರಿಂಟರು ಕಾಗದ ಅಗಿಯುತ್ತದೆ ಎಂದು ಅಕ್ಕ ಕರೆದಿದ್ದರು. ಹೊರಗೆ ಸ್ಕೂಟರು ನಿಂತ ಸದ್ದಾಯಿತು. ಕೇಬಲ್ ಬಾಯಿ ಬೆವರುತ್ತ ಒಳಗೆ ಬಂದರು. ಕೈಯಲ್ಲಿ ಅಂಕೋಲೆಯ ಈಶಾಡ ಮಾವಿನಹಣ್ಣಿನ ಚೀಲ. ಅದನ್ನು ಅಕ್ಕನ ಮೇಜಿನ ಮೇಲಿಟ್ಟು, ಯಾರಾದರೂ ಬೈಯುವ ಮೊದಲೇ ತಾವೇ ಶುರುಮಾಡಿದರು.

“ಬೈಬ್ಯಾಡಿ. ನನ್ನ ತಪ್ಪಲ್ಲ. ಗಟಾರ ತೋಡೂ ಜೇಸೀಬಿ, ನೋಡ್ದೆ ಮಾಡ್ದೆ ಒಂದೇ ಏಟಿಗೆ ಎಳ್ದು ಹಾಕ್ತು. ಬೆಳಗಾಮುಂಚೆನೇ ಕೇಬಲ್ ಹೋಗ್ಯದೆ. ನೀವು ಫೋನ್ ಮಾಡಿ ಮಾಡಿ ಸಾಕಾಗಿರ್ಬೇಕು, ಗಡಿಬಿಡಿಲಿ ನಾ ಫೋನ್ ಮನೆಲೇ ಬಿಟ್ಟು ಬಂದೆ.”

ಅಕ್ಕ ನನ್ನ ಮುಖ ನೋಡಿದರು. ನಾನು ಅಕ್ಕನ ಮುಖ ನೋಡಿದೆ. ಬೆಳಗಿನಿಂದ ಆ ಟೇಬಲ್ಲಿನಿಂದ ವರದಿಗಳು ಹೋಗುತ್ತಲೇ ಇದ್ದವು. ಅದೇ ಕ್ಷಣ ಪ್ರಿಂಟರಿನಿಂದ ಒಂದು ಹೊರಬರುತ್ತಿತ್ತು. ಬಗ್ಗಿ ನೋಡಿದರೆ ಕೆಂಪು ಟೇಪಿನ ವಾಯರಿನ ದೀಪ ಹಸಿರಾಗಿ ಮಿನುಗುತ್ತಿದೆ.

“ಯಾರೂ ಫೋನ್ ಮಾಡಲಿಲ್ಲ ಬಾಯಿ. ನಮಗೆ ಗೊತ್ತೇ ಆಗಲಿಲ್ಲ” ಎಂದೆ.

ಬಾಯಿಯ ಮುಖದಲ್ಲಿ ಸಮಾಧಾನ ಬಂತು. ಅದರ ಹಿಂದೆಯೇ ಸ್ವಲ್ಪ ಬೇಜಾರೂ ಬಂದಂತೆ ಕಂಡಿತು. “ಅಂದ್ರೆ ನನ್ನ ಕೇಬಲ್ ಇದ್ರೂ ಒಂದೇ, ಇಲ್ದಿದ್ರೂ ಒಂದೇ?”

“ಹಾಂಗಲ್ಲ” ಎಂದು ಅಕ್ಕ ನಕ್ಕು ಚೀಲದೊಳಗೆ ಇಣುಕಿದರು. “ಬೈಲಿಲ್ಲ ಅಂತ ಹಣ್ಣು ವಾಪಸ್ ತಕ್ಕಂಡು ಹೋಗಬ್ಯಾಡ ಮತ್ತೆ. ಕೂತ್ಕೋ.”

ಅಕ್ಕ ಹಣ್ಣು ತೊಳೆದು ತಂದರು. ವರದಿಗೆ ಬಂದಿದ್ದ ಇಬ್ಬರಿಗೂ ಒಂದೊಂದು ಹೋಳು ಕೊಡಹೋಗಿ, ಒಬ್ಬರ ಸಕ್ಕರೆ ನೆನಪಾಗಿ ಅವರ ಹೋಳನ್ನು ಅರ್ಧ ಮಾಡಿದರು. ಬಾಯಿ ಫ್ಯಾನಿನ ಕೆಳಗೆ ಕಾಲು ಚಾಚಿ ಕೂತರು.

“ನಿಮ್ಮದು ಹ್ಯಾಂಗೂ ನಡೀತದೆ ಅಂದ್ಮೇಲೆ ನಂಗೆ ಗಡಿಬಿಡಿ ಇಲ್ಲ. ಮೊದ್ಲು ಟೀವಿಯವ್ರದ್ದು ಜೋಡಸ್ತೆ. ನಿಮ್ಮ ಎಳೆ ಮುಂದಿನ ವಾರ ಮಾಡ್ವ.”

ನಾನು ಮಾವಿನ ಹೋಳು ಕೆಳಗಿಟ್ಟೆ. “ಬ್ಯಾಡ ಬಾಯಿ, ಇವತ್ತೇ ಮಾಡಿ. ಈಗ ಒಂದೇ ದಾರಿ ಉಳದದೆ. ಇದೂ ಬಿದ್ರೆ ಕಾರವಾರ ಹೋತು.”

“ಈಗಷ್ಟೇ ಗೊತ್ತೇ ಆಗಲಿಲ್ಲ ಅಂದ್ರಿ!”

“ಗೊತ್ತಾಗದೇ ಇದ್ದದ್ದೇ ಕಷ್ಟ. ನೀವು ಬಂದು ಹೇಳದೇ ಇದ್ರೆ ಇನ್ನೊಂದು ಬೀಳೂ ತನಕ ನಾವು ಹೀಂಗೇ ಕೂತಿರ್ತಿದ್ವಿ.”

ಬಾಯಿ ಎದ್ದು ಕೈ ತೊಳೆದುಕೊಂಡರು. “ಬಾ ಹಂಗಾರೆ. ಅಲ್ಲಿ ಅಣ್ಣ ಒಬ್ನೇ. ಛತ್ರಿ ಹಿಡ್ಯೂಕೆ ಒಂದು ಜನ ಬೇಕು, ಬಿಸಿಲಿಗೆ ಆ ಬೆಸೆಯೂ ಮಿಶನ್ ಎಳೆ ಹಿಡಿಯೂದಿಲ್ಲ.”

ಅವರ ಸ್ಕೂಟರಿನ ಹಿಂದೆ, ಕೇಬಲ್ಲಿನ ಸುರುಳಿಯನ್ನು ಹೆಗಲಿಗೆ ಹಾಕಿಕೊಂಡು ಕೂತೆ. ರಸ್ತೆ ಬದಿಯ ಹೊಂಡದ ಹತ್ತಿರ ಅಣ್ಣ ಕೂದಲಿಗಿಂತ ತೆಳುವಾದ ಎಳೆಗಳನ್ನು ಬಿಡಿಸಿಕೊಂಡು ಕೂತಿದ್ದ. ಜೇಸೀಬಿ ಓಡಿಸುವವನು ಪಕ್ಕದಲ್ಲೇ ನಿಂತು, ಇಷ್ಟು ಸಣ್ಣದು ಕಣ್ಣಿಗೆ ಬಿದ್ದಿದ್ದರೆ ತಾನೇಕೆ ತುಂಡು ಮಾಡುತ್ತಿದ್ದೆ ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿಕೊಳ್ಳುತ್ತಿದ್ದ. ಬಾಯಿ ಅವನ ಕೈಗೇ ಛತ್ರಿ ಕೊಟ್ಟು, “ನೀನೇ ಹಿಡಿ” ಎಂದರು. ಅವನು ಮರುಮಾತಿಲ್ಲದೆ ಹಿಡಿದ. ನಾನು ಅಣ್ಣನ ಎದುರು ಕುಕ್ಕರಗಾಲಿನಲ್ಲಿ ಕೂತು, ನಮ್ಮ ಎಳೆಯ ಬಣ್ಣ ಯಾವುದೆಂದು ತೋರಿಸಿದೆ. ಅಣ್ಣ ಅದನ್ನೇ ಮೊದಲು ಕೈಗೆತ್ತಿಕೊಂಡ.